ಅಪ್ಪ ನಿದ್ದೆ ಮಾಡಿರಲಿಲ್ಲ

೧೯೬೩ರ ಮೇ ತಿಂಗಳು. ಧಾರವಾಡದಲ್ಲಿ ಬಿ.ಎಸ್‌ಸಿ. ಓದುತ್ತಿದ್ದ ನಾನು ರಜೆಗೆ ಕುಮಟೆಗೆ ಬಂದಾಗ ಅಪ್ಪ ಬಲಗೈಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಳ್ಳುವುದು ಅವರ ಕೆಲಸ. ಅದರ ಉಕ್ಕಿನ ಕೊಳವೆಯೊಂದು ತೂತಾಗಿ, ನುಗ್ಗಿದ ಹಬೆಗೆ ಕೈ ಬೆಂದಿತ್ತು.

“ಕೆಲ್ಸಾನೂ ಹೋತು ಮಗಳೇ,” ಎಂದರು. “ನಾ ನಿದ್ದೆ ಮಾಡಿ ನೀರು ಬಿಡ್ಲಿಲ್ಲ, ಅದ್ಕೇ ಕೊಳವೆ ಸುಟ್ಟೋತು ಅಂತ ಮೇಸ್ತ್ರಿ ಹೇಳ್ದ. ಒಡೆಯರು ನಂಬಿದ್ರು.”

ಹುಬ್ಬಳ್ಳಿಯ ಆ ಮೇಸ್ತ್ರಿ ತಿಂಗಳ ಹಿಂದೆ ಬಾಯ್ಲರಿಗೆ ಆಸಿಡ್ ತುಂಬಿ, ಕೊಳವೆಗಳಿಗೆ ಕಟ್ಟಿದ ಸುಣ್ಣದಂಥ ಪೊರೆ ತೆಗೆದುಹೋಗಿದ್ದ. ಈಗ ಒಡೆದ ಕೊಳವೆ ಬದಲಿಸಿ, ಉಳಿದವನ್ನು ಮತ್ತೆ ತೊಳೆಯಲು ಬಂದಿದ್ದ.

“ಆಸಿಡ್ಡಿಗೆ ಅವ ಎಂತ ಬೆರೆಸಿದ್ದ?”

“ಎಂತದೂ ಇಲ್ಲ. ನೀರು ಅಷ್ಟೇ.”

ನನಗೆ ಸಿಟ್ಟು ನೆತ್ತಿಗೇರಿತು. ಬರಿಯ ಆಸಿಡ್ ಪೊರೆಯ ಜೊತೆಗೆ ಉಕ್ಕನ್ನೂ ತಿನ್ನುತ್ತದೆ. ಅಂಟಿನಂಥ ಪದಾರ್ಥ ಸ್ವಲ್ಪ ಬೆರೆಸಿದರೆ ಅದು ಉಕ್ಕಿನ ಮೈಗೆ ಹತ್ತಿಕೊಂಡು ಕಾಪಾಡುತ್ತದೆ ಎಂದು ಆ ವರ್ಷವೇ ಪಾಠದಲ್ಲಿ ಕೇಳಿದ್ದೆ. ಅಪ್ಪ ಬೇಡವೆಂದರೂ ಗಿರಣಿಗೆ ಹೋದೆ.

ಕಿತ್ತೆಸೆದ ಕೊಳವೆ ಅಂಗಳದಲ್ಲೇ ಬಿದ್ದಿತ್ತು. ನೀರಿಲ್ಲದೆ ಸುಟ್ಟಿದ್ದರೆ ಒಂದು ಕಡೆ ಉಬ್ಬಬೇಕಿತ್ತು. ಇದು ಉದ್ದಕ್ಕೂ ತೆಳ್ಳಗಾಗಿತ್ತು. ಹಾಗೆಂದಾಗ ಮೇಸ್ತ್ರಿ ನಕ್ಕುಬಿಟ್ಟ.

“ಆಸಿಡ್ ಪೊರಿ ತಿಂತೈತಿ, ಉಕ್ಕ ತಿನ್ನಂಗಿಲ್ಲ. ನನಗ ಕಲಿಸಾಕ ಬಂದಳು!”

“ಮನೆಗೆ ಹೋಗು ತಂಗಿ,” ಎಂದರು ಒಡೆಯರು. “ಇದು ಗಂಡಸ್ರ ಕೆಲ್ಸ.”

“ಹೋಗುದಿಲ್ಲ,” ಎಂದೆ. “ಉಕ್ಕು ತಿನ್ನುದಿಲ್ಲ ಅಂದ್ರೆ ಪರೀಕ್ಷೆ ಮಾಡೂಕೆ ಹೆದರಿಕೆ ಎಂತಕ್ಕೆ?”

ಸುತ್ತ ಜನ ಸೇರಿದ್ದರಿಂದ ಒಡೆಯರು ಒಪ್ಪಬೇಕಾಯಿತು. ಎರಡು ಗಾಜಿನ ಲೋಟಗಳಲ್ಲಿ ಮೇಸ್ತ್ರಿಯದೇ ಆಸಿಡ್ ಹಾಕಿಸಿದೆ. ಒಂದಕ್ಕೆ ಗಿರಣಿಯ ಬಡಗಿ ಕಾಯಿಸಿಟ್ಟಿದ್ದ ಅಂಟನ್ನು ಒಂದು ಚಮಚ ಬೆರೆಸಿದೆ. ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೇ ತೂಕದ ಎರಡು ಮೊಳೆ ಆರಿಸಿ ಲೋಟಕ್ಕೊಂದರಂತೆ ಇಳಿಬಿಟ್ಟೆ. ಒಡೆಯರೇ ಕೋಣೆಗೆ ಬೀಗ ಹಾಕಿದರು.

ಮರುದಿನ ಮಧ್ಯಾಹ್ನ ಬೀಗ ತೆಗೆದಾಗ ಬರಿಯ ಆಸಿಡ್ಡಿನ ಮೊಳೆ ಸೂಜಿಯಷ್ಟು ಸಣ್ಣಗಾಗಿತ್ತು. ಅಂಟು ಬೆರೆಸಿದ್ದರಲ್ಲಿದ್ದ ಮೊಳೆಯ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಅಕ್ಕಸಾಲಿಗರು ತೂಗಿ ಎಲ್ಲರಿಗೂ ಕೇಳುವಂತೆ ಹೇಳಿದರು. ಮೇಸ್ತ್ರಿ, “ಮೊಳೀನ ಖೋಟಾ,” ಎಂದ. ಈ ಸಲ ಯಾರೂ ಅವನ ಮಾತು ನಂಬಲಿಲ್ಲ.

ಒಡೆಯರು ಗಂಟಲು ಸರಿಮಾಡಿಕೊಂಡು, “ಆತು, ಕೈ ವಾಸಿಯಾದ ಮೇಲೆ ನಿನ್ನ ಅಪ್ಪಂಗೆ ಬರೂಕೆ ಹೇಳು,” ಎಂದರು.

“ಬರ್ತಾರೆ ಒಡೆಯಾ. ಆದ್ರೆ ಅವ್ರು ನಿದ್ದೆ ಮಾಡ್ಲಿಲ್ಲ ಅಂತ ನೀವೇ ಮನೆಗೆ ಬಂದು ಹೇಳ್ಬೇಕು.”

ಅವರು ಎದ್ದುಹೋದರು. ಇದ್ದ ದಾರಿಯನ್ನೂ ನಾನೇ ಮುಚ್ಚಿದೆನೆಂದು ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಅವರು ನಮ್ಮ ಅಂಗಳಕ್ಕೆ ಬಂದು, ನಿಂತುಕೊಂಡೇ, “ತಪ್ಪಾತು ಮಾರಾಯಾ, ನಿಂದೆಂತದೂ ಇಲ್ಲ,” ಎಂದರು. ಅಪ್ಪ ಗಡಬಡಿಸಿ ಎದ್ದು, ಬೆಲ್ಲ-ನೀರು ತರಲು ನನ್ನನ್ನು ಒಳಗೆ ಕಳಿಸಿದರು.

ಒಡೆಯರು ಹೋದ ಮೇಲೆ ಬೈಗುಳ ನನಗೇ. “ದೊಡ್ಡವ್ರ ಹತ್ರ ಹಾಂಗೆ ಮಾತಾಡುದಾ?” ಎಂದು ಅಪ್ಪ ರೇಗಿದರು. ರೇಗುತ್ತಲೇ ಕಣ್ಣು ಒರೆಸಿಕೊಂಡರು.

ಮುಂದೆ ಎಷ್ಟೋ ವರ್ಷ ರಸಾಯನಶಾಸ್ತ್ರ ಕಲಿಸಿದೆ. ಬಾಯಿ ಜೋರು ಎಂಬ ಹೆಸರೂ ಬಂತು. ಇರಲಿ. ಅಂಥ ದಿನ ಇನ್ನೊಮ್ಮೆ ಬಂದರೆ ನಾನು ಹಾಗೇ ಮಾತಾಡುತ್ತೇನೆ.