ಬೇಗ ಎದ್ದು ಓಡಾಡಿದವಳು

ನನ್ನ ನಾದಿನಿ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಬಿಸಿ ರೋಲರಿನಿಂದ ಹೊರಬರುವ ದುಪ್ಪಟಿಯ ಒಂದು ತುದಿ ಇವಳು, ಇನ್ನೊಂದು ತುದಿ ಮತ್ತೊಬ್ಬಳು ಹಿಡಿದು ಮಡಚಬೇಕು. ಅಂಚು ಕೂದಲೆಳೆಯಷ್ಟು ಆಚೀಚೆ ಆದರೂ ಬಿಚ್ಚಿ ಮತ್ತೆ ಮಡಚುವಳು. ಅದಕ್ಕೇ ಅಲ್ಲಿ ಎಲ್ಲರೂ ಗೆರೆಯಮ್ಮ ಅಂತ ಕರೆಯುತ್ತಿದ್ದರು.

ಮಲದಲ್ಲಿ ರಕ್ತ ಹೋಗುವುದನ್ನು ಮೂಲವ್ಯಾಧಿ ಅಂದುಕೊಂಡು ಮುಚ್ಚಿಟ್ಟಿದ್ದಳು. ತೋರಿಸುವ ಹೊತ್ತಿಗೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್, ಅಲ್ಲಿಂದ ಲಿವರಿಗೂ ಹರಡಿತ್ತು. ಡಾಕ್ಟರು ಹೆಂಗಸು. ನನ್ನನ್ನೂ ಅವಳ ಗಂಡನನ್ನೂ ಕೂರಿಸಿಕೊಂಡು ಹೇಳಿದರು: "ಹೊಟ್ಟೆ ಪೂರ್ತಿ ಕೊಯ್ಯುವುದಿಲ್ಲ. ಸಣ್ಣ ತೂತುಗಳಲ್ಲಿ ಕ್ಯಾಮೆರಾ ಇಳಿಸಿ ಕರುಳಿನ ಗಡ್ಡೆ, ಲಿವರಿನ ಎಡಗಡೆಯ ಗಡ್ಡೆ ತೆಗೆಯುತ್ತೇವೆ. ಎಡಗಡೆಯ ಲಿವರು ಸ್ವಲ್ಪ ಬೆಳೆದ ಮೇಲೆ ಬಲಗಡೆಯ ಭಾಗ ತೆಗೆಯುತ್ತೇವೆ. ಎರಡನೇ ಸಲ ಬರಲೇಬೇಕು. ತಡ ಮಾಡಿದರೆ ಕೈ ಮೀರುತ್ತದೆ."

ಮೊದಲನೆಯದು ಚೆನ್ನಾಗಿಯೇ ಆಯಿತು. ಮರುದಿನವೇ ಎದ್ದು ವಾರ್ಡಿನಲ್ಲಿ ನಡೆದಳು. ನರ್ಸು ಹೊಗಳಿದ್ದಕ್ಕೆ ಇನ್ನೊಂದು ಸುತ್ತು ಹೆಚ್ಚಿಗೆ ನಡೆದಳು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ.

ನೋಡಲು ಬಂದವರಿಗೆಲ್ಲ ಗಾಯ ನೋಡಬೇಕು. ಇವಳು ಬಟ್ಟೆ ಸರಿಸಿ ತೋರಿಸುವಳು. ಅಲ್ಲೊಂದು ಇಲ್ಲೊಂದು ಚಿಕ್ಕ ಪಟ್ಟಿ, ಹೊಕ್ಕುಳ ಹತ್ತಿರ ಬೆರಳುದ್ದದ ಹೊಲಿಗೆ.

"ಅಷ್ಟೇನಾ?" ಅಂದಳು ಪಕ್ಕದ ಮನೆಯವಳು. "ನನ್ನ ಗರ್ಭಕೋಶ ತೆಗೆದಾಗ ಇಲ್ಲಿಂದ ಇಲ್ಲೀವರೆಗೆ ಸೀಳಿದ್ರು ಕಣೆ."

"ಗಡ್ಡ ಕೆರಕೊಳ್ಳುವಾಗ ನಾನೇ ಇದಕ್ಕಿಂತ ಜಾಸ್ತಿ ಕೊಯ್ಕೋತೀನಿ," ಅಂದ ಇವಳ ಗಂಡ.

ಎಲ್ಲರೂ ನಕ್ಕರು. ಇವಳೂ ನಕ್ಕಳು, ಹೊಟ್ಟೆ ಒತ್ತಿ ಹಿಡಿದುಕೊಂಡು.

ಗಾಯ ಇಷ್ಟೇ ಇದ್ದ ಮೇಲೆ ಕಾಯಿಲೆಯೂ ಇಷ್ಟೇ ಅಂತ ಮನೆಯಲ್ಲಿ ತೀರ್ಮಾನವಾಯಿತು. ಅಡುಗೆ ಮತ್ತೆ ಅವಳ ಪಾಲಿಗೆ ಬಂತು. ಲಾಂಡ್ರಿಯ ಮೇಲ್ವಿಚಾರಕಿ ಫೋನು ಮಾಡಿದಳು. "ಓಡಾಡ್ತಿದ್ದೀಯಂತೆ ಗೆರೆಯಮ್ಮ. ಹೊಸಬಳು ದುಪ್ಪಟೀನ ಉಂಡೆ ಕಟ್ಟಿಡ್ತಾಳೆ. ಬಾ, ಕೂತ್ಕೊಂಡೇ ಮಡಚುವಂತೆ." ರೋಲರಿನ ಮುಂದೆ ಕೂತು ಮಡಚಲು ಆಗುವುದಿಲ್ಲ ಅನ್ನುವುದು ಅವಳಿಗೂ ಗೊತ್ತು, ಇವಳಿಗೂ ಗೊತ್ತು. ಹೋದಳು.

ಡಾಕ್ಟರು ಹೇಳಿದ ದಿನ ಹತ್ತಿರ ಬಂತು. "ಯಾವಾಗ ಹೋಗೋದು?" ಅಂತ ಕೇಳಿದೆ.

"ಹೋಟೆಲುಗಳ ಸೀಸನ್ ಗಲಾಟೆ ಮುಗೀಲಿ ಅತ್ತಿಗೆ. ಈಗ ರಜಾ ಕೇಳಿದ್ರೆ ಮುಖ ಗಂಟು ಹಾಕ್ತಾರೆ."

ಗಂಡ ಒಳಗಿನಿಂದಲೇ ಮಾತು ಸೇರಿಸಿದ. "ಅಕ್ಕಾ, ನೀವು ಸುಮ್ನೆ ಹೆದರಿಸ್ತೀರಿ. ಗುಂಡುಕಲ್ಲಿನ ಹಾಗಿದ್ದಾಳೆ. ಚೆನ್ನಾಗಿರೋರನ್ನ ಮತ್ತೆ ಯಾಕೆ ಕೊಯ್ಸೋದು?"

"ಚೆನ್ನಾಗಿದ್ದೀಯೇನೇ?" ಅಂದೆ ಅವಳಿಗೆ.

ಅವಳು ನನ್ನ ಮುಖ ನೋಡಲಿಲ್ಲ. "ನೋವು ಅಂದ್ರೆ ನಾಟಕ ಅಂತಾರೆ. ತೋರಿಸೋಕೆ ಏನಿದೆ ಹೇಳಿ," ಅಂದಳು ಮೆಲ್ಲಗೆ.

ಆಸ್ಪತ್ರೆಯಿಂದ ಫೋನು ಬಂದಾಗ ಗಂಡನೇ ಎತ್ತಿ, ಮುಂದಿನ ತಿಂಗಳು ಬರ್ತೀವಿ ಅಂದ. ಮುಂದಿನ ತಿಂಗಳೂ ಅದನ್ನೇ ಅಂದ.

ಅವಳ ಕಣ್ಣು ಹಳದಿಯಾದ ಮೇಲೆ ಹೋದೆವು. ಡಾಕ್ಟರು ಸ್ಕ್ಯಾನ್ ನೋಡಿದರು. "ಹೊಸದಾಗಿ ಬೆಳೆದ ಭಾಗಕ್ಕೂ ಹರಡಿದೆ. ಇನ್ನು ಆಪರೇಷನ್ ಮಾಡಿ ಪ್ರಯೋಜನವಿಲ್ಲ."

ಗಂಡ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಮೊದಲೇ ದೊಡ್ಡದಾಗಿ ಕೊಯ್ದು ಎಲ್ಲಾ ತೆಗೆದುಬಿಡಬೇಕಿತ್ತು ಮೇಡಂ."

"ಒಂದೇ ಸಲ ತೆಗೆದರೆ ಬದುಕೋದಕ್ಕೆ ಬೇಕಾದಷ್ಟು ಲಿವರು ಉಳೀತಿರಲಿಲ್ಲ. ಬೇಗ ಚೇತರಿಸಿಕೊಂಡು ಬೇಗ ವಾಪಸ್ ಬರಲಿ ಅಂತಲೇ ಸಣ್ಣದಾಗಿ ಕೊಯ್ದದ್ದು. ನೀವು ಕರಕೊಂಡು ಬರಲಿಲ್ಲ."

ನನ್ನ ನಾದಿನಿ ನನ್ನ ತೋಳು ಹಿಡಿದು ಎದ್ದಳು. "ನಡೀರಿ ಅತ್ತಿಗೆ, ಹೊರಗೆ ಇನ್ನೂ ಜನ ಕಾಯ್ತಿದ್ದಾರೆ," ಅಂದಳು.

ಆಮೇಲೆ ಬಹಳ ದಿನ ಇರಲಿಲ್ಲ. ಮೇಲ್ವಿಚಾರಕಿ ಬಂದು ನಿಜವಾಗಿಯೂ ಅತ್ತಳು. ಕಣ್ಣು ಒರೆಸಿಕೊಂಡು, ನಮ್ಮ ಕಡೆ ಕೆಲಸಕ್ಕೆ ಬರುವವರು ಯಾರಾದರೂ ಇದ್ದಾರಾ ಅಂತ ವಿಚಾರಿಸಿದಳು. ಗಂಡ ಈಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾನೆ: "ಆ ಡಾಕ್ಟರಿಗೆ ಸರಿಯಾಗಿ ಕೊಯ್ಯೋಕೆ ಬರಲಿಲ್ಲ." ಕೇಳಿದವರು ಹೌದು ಹೌದು ಅನ್ನುತ್ತಾರೆ. ನಾನು ಎದ್ದು ಬರುತ್ತೇನೆ.