ನಂಜುಂಡಪ್ಪನ ಬಚ್ಚಲ ಫ್ಯಾನು

ಶಿವನಿಯ ನಂಜುಂಡಪ್ಪನಿಗೆ ಗೊತ್ತಿಲ್ಲದ ವಿಷಯ ಇರಲಿಲ್ಲ. ಇದ್ದರೂ ಅದು ಅವನಿಗೆ ಗೊತ್ತಿರಲಿಲ್ಲ. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಮಗಳನ್ನು ಯಾವ ಊರಿಗೆ ಕೊಡಬೇಕು, ತೆಂಗಿನ ಬುಡಕ್ಕೆ ಉಪ್ಪು ಯಾವಾಗ ಹಾಕಬೇಕು ಎಂಬುದನ್ನೆಲ್ಲ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೆ ಇನ್ನೂ ಸ್ವಲ್ಪ ಹೆಚ್ಚಾಗಿ ಹೇಳುತ್ತಿದ್ದ. ಹಾಗಂತ ಕೆಟ್ಟ ಮನುಷ್ಯನೇನಲ್ಲ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವವನು ಅವನೇ. ನಿಂತು, ಚಟ್ಟ ಕಟ್ಟುವವರಿಗೆ ಗಂಟು ಹೇಗೆ ಹಾಕಬೇಕೆಂದು ಹೇಳುವವನೂ ಅವನೇ.

ಅವನಿಗೆ ಒಂದಿಷ್ಟು ರಾಗಿ ಬೆಳೆಯುವ ಹೊಲ, ಅದಕ್ಕೆ ಅಂಟಿಕೊಂಡು ತೆಂಗಿನ ತೋಟ. ಹೊಲಕ್ಕಿಂತ, ತೋಟಕ್ಕಿಂತ ಅವನಿಗೆ ಹೆಚ್ಚಿನ ಹೆಮ್ಮೆ ತನ್ನ ಅಟ್ಟದ ಮೇಲೆ. ಕಾಯಿಗಳನ್ನು ಸುಲಿಯದೆ ಅಟ್ಟಕ್ಕೆ ತುಂಬಿ, ಮುಂದಿನ ಹಂಗಾಮಿನವರೆಗೆ ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ನಂಜುಂಡಪ್ಪನ ಕೊಬ್ಬರಿಯ ಗಡಗಡಕ್ಕೆ ಅರಸೀಕೆರೆಯ ಮಂಡಿಯವರು ತಲೆದೂಗುತ್ತಿದ್ದರಂತೆ. ಹಾಗೆಂದು ನಂಜುಂಡಪ್ಪನೇ ಹೇಳುತ್ತಿದ್ದ.

ಮಗ ಸತೀಶ್ ಅಜ್ಜಂಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ, ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಅವನಿಗೆ ಕಡೂರಿನ ಬೃಂದಾಳನ್ನು ತಂದುಕೊಳ್ಳುವುದೆಂದು ನಿಶ್ಚಯವಾದಾಗ ನಂಜುಂಡಪ್ಪ ಬೀಗರ ಮನೆ ನೋಡಲು ಹೋದ. ಅಲ್ಲಿನ ಬಚ್ಚಲಿನ ಸೂರಿನಲ್ಲಿ ಒಂದು ಫ್ಯಾನು ಹಬೆಯನ್ನೆಲ್ಲ ಹೀರಿಕೊಳ್ಳುತ್ತಿತ್ತು. ಕೈ ತೊಳೆಯಲು ಹೋದವನು ಅದರ ಕೆಳಗೆ ಎಷ್ಟು ಹೊತ್ತು ನಿಂತನೆಂದರೆ, ಬೀಗರು ಬಾಗಿಲು ತಟ್ಟಿ ಆರೋಗ್ಯ ವಿಚಾರಿಸಬೇಕಾಯಿತು.

ಊರಿಗೆ ಬಂದವನೇ ಉಗ್ರಾಣದ ಮೂಲೆಯನ್ನು ಒಡೆಸಿ ಸೊಸೆಗೆಂದು ಹೊಸ ಬಚ್ಚಲು ಕಟ್ಟಿಸಿದ. ಮೇಲೆ ಅಟ್ಟದ ಹಲಗೆ, ಅದರ ಕೆಳಗೆ ಬಿಳಿ ಪ್ಲಾಸ್ಟಿಕ್ ಶೀಟು. ಫ್ಯಾನು ಕೂರಿಸಲು ಬಂದ ಎಲೆಕ್ಟ್ರಿಷಿಯನ್ ಕಾಂತರಾಜ್ ಗೋಡೆ ತೋರಿಸಿ, "ಯಜಮಾನ್ರೇ, ಇಲ್ಲೇ ಗೋಡೇಲಿ ಇಟ್ಬಿಡ್ತೀನಿ, ಸಲೀಸು" ಅಂದ.

"ಆ ಕಡೆ ರಂಗಯ್ಯನ ಹಿತ್ಲು ಕಣಯ್ಯಾ. ನಮ್ಮ ಬಚ್ಚಲ ಹಬೆ ಅವನ ಮನೆಗೆ ಊದೋದು ಮರ್ಯಾದೆನಾ? ಬೀಗರ ಮನೇಲಿರೋ ಹಂಗೆ ಮೇಲಕ್ಕೇ ಇಡು."

"ಮೇಲಿಟ್ರೆ ಪೈಪ್ ಕೊಟ್ಟು ಹೊರಕ್ಕೆ ಬಿಡ್ಬೇಕಾಯ್ತದೆ."

"ಗಾಳಿಗೆ ಪೈಪ್ ಯಾಕಯ್ಯಾ? ಬಿಟ್ರೆ ಹೆಂಚಿನ ಸಂದೀಲಿ ತಾನೇ ದಾರಿ ನೋಡ್ಕೊಂಡು ಹೋಯ್ತದೆ."

ಕಾಂತರಾಜನಿಗೆ ಎರಡನೇ ಸಲ ಹೇಳಿಸಿಕೊಳ್ಳುವ ಅಭ್ಯಾಸ ಇರಲಿಲ್ಲ. ಹಲಗೆಯನ್ನು ಗಂಗಾಳದಗಲ ಕುಯ್ದು ಫ್ಯಾನು ಕೂರಿಸಿ, ಕಾಫಿ ಕುಡಿದು ಹೋದ.

ರಂಗಯ್ಯ ಪಕ್ಕದ ಮನೆಯವನು, ನಂಜುಂಡಪ್ಪನ ಜೊತೆ ಗೋಲಿ ಆಡಿ ಬೆಳೆದವನು. ಆ ವರ್ಷ ಅಟ್ಟಕ್ಕೆ ಕಾಯಿ ತುಂಬುವಾಗ ಕೈ ಜೋಡಿಸಲು ಬಂದ. ನಂಜುಂಡಪ್ಪ ಮಂಡಿನೋವಿನಿಂದ ಅಟ್ಟ ಹತ್ತುವುದನ್ನು ಆಗಲೇ ಬಿಟ್ಟಿದ್ದ. ಮೇಲೆ ಹೋದ ರಂಗಯ್ಯ ಕಾಯಿಯ ರಾಶಿ ನೋಡಿ, "ಅಬ್ಬಾ ನಂಜ, ಎಂಥಾ ಕಾಯಿ ಕಣೋ! ಊರಿಗೇ ಸಾಕಾಗ್ತವೆ" ಅಂದುಬಿಟ್ಟ.

ಮುಂದಿನ ವರ್ಷ ಸುಲಿಸಿದಾಗ ಒಂದು ಕಡೆಯ ಕಾಯಿಗಳೆಲ್ಲ ಕೌಟು. ಒಳಗೆ ಬೂಷ್ಟು ಕಟ್ಟಿ, ಮುಟ್ಟಿದರೆ ಜಿಗುಟು. ಉಳಿದ ಕಡೆಯವು ಎಂದಿನಂತೆ ಗಡಗಡ. ಕೆಟ್ಟವು ಯಾವ ಕಡೆಯವು ಎಂದು ನಂಜುಂಡಪ್ಪ ಆಳುಗಳನ್ನು ಕೂಗಿ ಕೇಳಿದ.

"ರಂಗಯ್ಯನೋರ ಮನೆ ಕಡೇವು" ಎಂದರು.

ನಂಜುಂಡಪ್ಪನಿಗೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಹೊಗಳಿದವನ ಕಣ್ಣು ತಾಗಿತ್ತು, ಕಣ್ಣೆಸರು ಎಂದರೆ ಇದೇ. ಅದರ ಮಾರನೆಯ ದಿನದಿಂದ ರಂಗಯ್ಯ ಎದುರಿಗೆ ಬಂದರೆ ಇವನು ಆಕಾಶ ನೋಡುತ್ತಿದ್ದ. ಕಾರಣ ತಿಳಿಯದ ರಂಗಯ್ಯ ಕೆಲವು ದಿನ ತಾನೇ ಮಾತಾಡಿಸಿ ನೋಡಿದ. ಆಮೇಲೆ ಅವನಿಗೂ ರೋಷ ಬಂದು ನೆಲ ನೋಡತೊಡಗಿದ. ಒಬ್ಬ ಮೇಲೆ, ಒಬ್ಬ ಕೆಳಗೆ ನೋಡಿಕೊಂಡು ಒಂದೇ ಬೀದಿಯಲ್ಲಿ ವರ್ಷಗಟ್ಟಲೆ ಓಡಾಡಿದರು.

ದೃಷ್ಟಿ ತೆಗೆಯಲು ನಂಜುಂಡಪ್ಪ ಅಟ್ಟಕ್ಕೆ ಬೂದುಗುಂಬಳ ಕಟ್ಟಿಸಿದ. ಅಂತರಘಟ್ಟಮ್ಮನಿಗೆ ಮಡಿಲಕ್ಕಿ ಕಟ್ಟುತ್ತೇನೆಂದು ಹರಕೆ ಹೊತ್ತ. ಜೊತೆಗೆ ಬುದ್ಧಿಯನ್ನೂ ಓಡಿಸಿದ. ಕೊಬ್ಬರಿಗೆ ಶೀತವೇ ಶತ್ರು, ಮನೆಯ ಶೀತವೆಲ್ಲ ಹುಟ್ಟುವುದು ಬಚ್ಚಲಲ್ಲಿ. ಆದ್ದರಿಂದ ಸ್ನಾನ ಆದಮೇಲೂ ಬಹಳ ಹೊತ್ತು ಫ್ಯಾನು ಓಡುತ್ತಲೇ ಇರಬೇಕು ಎಂದು ಆಜ್ಞೆ ಮಾಡಿದ. ಬೃಂದಾ ಮರೆತು ಸ್ವಿಚ್ ಆರಿಸಿದರೆ, "ಶೀತ ಹೋಗ್ಲಿ ಬಿಡಮ್ಮಾ" ಎಂದು ತಾನೇ ಎದ್ದು ಹೋಗಿ ಹಾಕುತ್ತಿದ್ದ. ಫ್ಯಾನು ಹೆಚ್ಚು ಓಡಿದಷ್ಟೂ ಕಾಯಿ ಹೆಚ್ಚು ಕೊಳೆಯಿತು. ಕಾಯಿ ಹೆಚ್ಚು ಕೊಳೆತಷ್ಟೂ ರಂಗಯ್ಯನ ಕಣ್ಣು ಎಷ್ಟು ಕೆಟ್ಟದ್ದೆಂದು ಅವನಿಗೆ ಖಾತ್ರಿಯಾಯಿತು.

ಅಷ್ಟು ದುಡಿದ ಫ್ಯಾನು ಕೊನೆಗೆ ನರಳತೊಡಗಿತು. ಮೊದಲು ಗೊರಗೊರ, ಆಮೇಲೆ ರಾಗಿ ಬೀಸಿದ ಹಾಗೆ, ಆಮೇಲೆ ಬೆಚ್ಚಿಬಿದ್ದ ಮಗು ಚೀರಿದ ಹಾಗೆ. ಕಾಂತರಾಜನಿಗೆ ಫೋನು ಮಾಡಿದರೆ, "ನಾಳೆ ಬತ್ತೀನಿ" ಅನ್ನುತ್ತಿದ್ದ. ಸತೀಶ್ ಊರವರ ಪಂಪೆಲ್ಲ ಬಿಚ್ಚುತ್ತಿದ್ದನೇ ಹೊರತು ಮನೆಯ ಫ್ಯಾನಿಗೆ ಅವನಿಗೂ ನಾಳೆಯೇ. ಕೊನೆಗೆ ನಂಜುಂಡಪ್ಪನ ಹೆಂಡತಿ ಸುಲೋಚನಮ್ಮ ಸೆರಗು ಸಿಕ್ಕಿಸಿದಳು.

"ನಾನೇ ಬಿಚ್ಚಿ ತೊಳೀತೀನಿ. ಮಿಕ್ಸಿ ಬಿಚ್ಚಿಲ್ವಾ, ಇದೇನು ಮಹಾ?"

"ನಿಂಗ್ ಗೊತ್ತಾಗಲ್ಲ ಕಣೇ. ಅದಕ್ಕೆ ಏಣಿ ಬೇಕು."

ಗೋಡೆಗೆ ಒರಗದೆ ನಿಲ್ಲುವ ಏಣಿ ಇದ್ದದ್ದು ರಂಗಯ್ಯನ ಮನೆಯಲ್ಲಿ. ಮಡಿಸುವ ಅಲ್ಯೂಮಿನಿಯಂ ಏಣಿ. ಗಂಡಸರು ಮಾತು ಬಿಟ್ಟಿದ್ದರೂ ಸುಲೋಚನಮ್ಮ ರಂಗಯ್ಯನ ಹೆಂಡತಿ ಕಲ್ಲಮ್ಮನ ಜೊತೆ ಒಂದು ದಿನವೂ ಮಾತು ಬಿಟ್ಟಿರಲಿಲ್ಲ. ಗಂಡ ತಡೆಯುವ ಮೊದಲೇ ಹೋಗಿ ಕೇಳಿದಳು. ರಂಗಯ್ಯ ಕೊಡಲಾರೆ ಎನ್ನಲಿಲ್ಲ. ಆದರೆ ಆ ಏಣಿಯನ್ನು ಅವನು ಒಂಟಿಯಾಗಿ ಯಾರ ಮನೆಗೂ ಕಳಿಸಿದವನಲ್ಲ. ಹೆಗಲ ಮೇಲೆ ಹೊತ್ತು ತಾನೇ ಬಂದ.

ಹೊಸಿಲು ದಾಟಿದ ರಂಗಯ್ಯನನ್ನು ನೋಡಿ ನಂಜುಂಡಪ್ಪ ಆಕಾಶ ನೋಡಲು ಹೋದ. ಸಿಕ್ಕಿದ್ದು ಪಡಸಾಲೆಯ ತೊಲೆ. ರಂಗಯ್ಯ ಬಚ್ಚಲಲ್ಲಿ ಏಣಿ ನಿಲ್ಲಿಸಿ ಕಾಲು ಭದ್ರ ಮಾಡಿದ.

"ಸುಲೋಚನಮ್ಮ, ನಿಮ್ಮ ಯಜಮಾನ್ರಿಗೆ ಹೇಳಮ್ಮ, ಮೇನ್ ಆಫ್ ಮಾಡ್ಲಿ ಅಂತ."

"ನಾನಾಗ್ಲೇ ಮಾಡಿದೀನಿ ಅಂತ ಹೇಳೇ" ಅಂದ ಬಾಗಿಲಲ್ಲಿ ನಿಂತಿದ್ದ ನಂಜುಂಡಪ್ಪ. ಹೇಳಿ, ಸದ್ದಿಲ್ಲದೆ ಹೋಗಿ ಮೇನ್ ಆಫ್ ಮಾಡಿ ಬಂದ.

ಸುಲೋಚನಮ್ಮ ಏಣಿ ಹತ್ತಿ ಜಾಲರಿಯನ್ನು ಎಳೆದಳು. ಎರಡು ಸ್ಪ್ರಿಂಗಿನಲ್ಲಿ ನೇತಾಡಿದ ಜಾಲರಿಯಿಂದ ಕುರಿ ಉಣ್ಣೆಯಂಥ ಧೂಳಿನ ಗಂಟೊಂದು ಅವಳ ಹೆಗಲ ಮೇಲೆ ಬಿತ್ತು. ಜಾಲರಿಯನ್ನು ಬಿಡಿಸಿ ಕೆಳಗಿದ್ದ ಬೃಂದಾಳ ಕೈಗೆ ಕೊಟ್ಟಳು. ಬೃಂದಾ ಅದನ್ನು ಸೋಪಿನ ಪುಡಿ ಕಲಸಿದ ಬಿಸಿನೀರಿಗೆ ಹಾಕಿದಳು. ನೀರು ನೋಡನೋಡುತ್ತ ಕಾಫಿಯ ಬಣ್ಣಕ್ಕೆ ತಿರುಗಿತು. ಸುಲೋಚನಮ್ಮ ವೈರು ಬಿಡಿಸಿ, ಸುತ್ತಲಿನ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿದಳು.

"ಎಡಕ್ಕೆ ತಿರುಗ್ಸು" ಎಂದು ನಂಜುಂಡಪ್ಪ ಬಾಗಿಲಿಂದ ಹೇಳಿದ.

"ಎಡಕ್ಕೇ ತಿರುಗಿಸ್ತಿದೀನಿ."

"ಅಲ್ಲಲ್ಲ, ನಿನ್ನೆಡಕ್ಕಲ್ಲ, ಸ್ಕ್ರೂನ ಎಡಕ್ಕೆ."

ಏಣಿ ಹಿಡಿದಿದ್ದ ರಂಗಯ್ಯ ಕೆಮ್ಮಿದ. ಅದು ಕೆಮ್ಮೋ ನಗುವೋ ಎಂದು ನಂಜುಂಡಪ್ಪ ಯೋಚಿಸುವಷ್ಟರಲ್ಲಿ ಕೊನೆಯ ಸ್ಕ್ರೂ ಬಿಟ್ಟುಕೊಂಡಿತು. ಸುಲೋಚನಮ್ಮ ಫ್ಯಾನಿನ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದಳು.

ಡಬ್ಬದ ಹಿಂದೆಯೇ ಒಂದು ತೆಂಗಿನಕಾಯಿ ಬಂತು. "ಇಳಿಯಮ್ಮಾ!" ಎಂದು ಕೂಗಿ ರಂಗಯ್ಯ ಅವಳ ತೋಳು ಹಿಡಿದು ಪಕ್ಕಕ್ಕೆ ಇಳಿಸಿಕೊಂಡ. ಅವಳು ಫ್ಯಾನನ್ನು ಮಗುವಿನಂತೆ ಎದೆಗೆ ಅವುಚಿಕೊಂಡೇ ಇಳಿದಳು. ಮೇಲೆ ರಾಶಿ ಸಡಿಲವಾಗಿ ಗುಡುಗಿದ ಸದ್ದಾಯಿತು. ಒಂದು ಕಾಯಿ ಬಕೆಟ್ಟಿಗೆ, ಒಂದು ಗೀಸರಿಗೆ, ಒಂದು ಏಣಿಯ ಮೆಟ್ಟಿಲಿಗೆ. ಆಮೇಲೆ ಲೆಕ್ಕ ಇಡುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲರೂ ಪಡಸಾಲೆಗೆ ಓಡಿದರು. ಮಂಡಿನೋವಿನ ನಂಜುಂಡಪ್ಪ ಎಲ್ಲರಿಗಿಂತ ಮುಂದಿದ್ದ.

ಸದ್ದು ನಿಂತಮೇಲೆ ಒಬ್ಬೊಬ್ಬರಾಗಿ ಇಣುಕಿದರು. ಬಚ್ಚಲ ತುಂಬ ಕಪ್ಪಗೆ ಒದ್ದೆಯಾದ ಕಾಯಿಗಳು, ಸಿಪ್ಪೆಯ ಮೇಲೆ ಬಿಳಿ ಬೂಷ್ಟು. ಸುಲೋಚನಮ್ಮ ಒಂದನ್ನು ಎತ್ತಿ ಮೂಸಿದಳು. ಸೊಸೆಯ ಕಡೆ ತಿರುಗಿದಳು.

"ಬೃಂದಾ, ಇದು ನಿನ್ನ ಶಾಂಪೂ ವಾಸ್ನೆ ಅಲ್ವೇನೇ?"

ಬೃಂದಾ ಮೂಸಿದಳು. "ಹೌದು ಅತ್ತೆ." ತೂತನ್ನು ನೋಡಿದಳು, ಕಾಯಿಯನ್ನು ನೋಡಿದಳು. "ಇಷ್ಟು ದಿನ ಹಬೆ ಎಲ್ಲಾ ಸೀದಾ ಕೊಬ್ಬರಿಗೇ ಹೋಗ್ತಿತ್ತಾ?"

ಕಾಯಿಗೆ ದಿನಾ ಬಿಸಿ ಹಬೆಯ ಸ್ನಾನ ಮಾಡಿಸಿದವನು ಬಾಗಿಲಲ್ಲೇ ನಿಂತಿದ್ದ. ನಂಜುಂಡಪ್ಪನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಅರ್ಥವಾದದ್ದು ಮುಖಕ್ಕೆ ಬರದಂತೆ ತಡೆಯಲು ನೋಡಿದ, ಆಗಲಿಲ್ಲ. ಕಿವಿ ಬಿಸಿಯಾಯಿತು. ರಂಗಯ್ಯನಿಗೂ ಅಷ್ಟೇ ಹೊತ್ತಿಗೆ ಅರ್ಥವಾಗಿತ್ತು. ಅಂದು ಕಾಯಿ ಹೊಗಳಿದ್ದು, ಆಮೇಲೆ ಅಟ್ಟಕ್ಕೆ ಬೂದುಗುಂಬಳ ಏರಿದ್ದು ನೆನಪಾಗಿ, ಇಷ್ಟು ವರ್ಷ ತಾನು ಮಾಡಿದ ಅಪರಾಧ ಏನೆಂದು ಅವನಿಗೆ ಮೊದಲ ಸಲ ತಿಳಿದದ್ದು ಆಗಲೇ.

"ಓಹೋ" ಅಂದ, ಅಷ್ಟೇ. ಕೂತು ಕಾಯಿಗಳನ್ನು ಚೀಲಕ್ಕೆ ತುಂಬತೊಡಗಿದ.

ಸುಲೋಚನಮ್ಮ ಜಗಲಿಯಲ್ಲಿ ಕೂತು ಫ್ಯಾನು ಚೊಕ್ಕಟ ಮಾಡಿದಳು. ರೆಕ್ಕೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಮೋಟರಿಗೆ ನೀರು ತಾಗಿಸದೆ ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷಿನ್ನಿನ ಎಣ್ಣೆಯ ಒಂದು ತೊಟ್ಟು ಬಿಟ್ಟಳು. ಬೆರಳಲ್ಲಿ ತಳ್ಳಿದರೆ ರೆಕ್ಕೆ ಸದ್ದಿಲ್ಲದೆ ಸುತ್ತಿತು. ಆದರೆ ಅದನ್ನು ಎಲ್ಲಿಗೆ ಹಾಕುವುದು? ಪೈಪ್ ಕೊಡದೆ ಗತಿಯಿರಲಿಲ್ಲ. ಪೈಪನ್ನು ಹೊರಕ್ಕೆ ಬಿಡಲು ಇದ್ದದ್ದು ಒಂದೇ ಗೋಡೆ. ಅದರಾಚೆ ರಂಗಯ್ಯನ ಹಿತ್ತಲು.

ನಂಜುಂಡಪ್ಪ ಗಂಟಲು ಸರಿಮಾಡಿಕೊಂಡ. "ಏನೇ, ಅವನ್ನ ಕೇಳು. ಆ ಕಡೆಗೊಂದು ಪೈಪ್ ಬಿಟ್ರೆ ಏನಾದ್ರೂ ಅಭ್ಯಂತರ ಇದೆಯಾ ಅಂತ."

ಸುಲೋಚನಮ್ಮ ಬಾಯಿ ತೆರೆಯುವ ಮೊದಲೇ ರಂಗಯ್ಯ ಚೀಲದ ಬಾಯಿ ಕಟ್ಟುತ್ತ ಹೇಳಿದ: "ಸುಲೋಚನಮ್ಮ, ಹಿತ್ಲು ನಂದು. ಕೇಳೋರು ನನ್ನ ಮುಖ ನೋಡಿ ಕೇಳ್ಲಿ."

ನಂಜುಂಡಪ್ಪ ತೊಲೆ ನೋಡಿದ, ಸೊಸೆಯನ್ನು ನೋಡಿದ, ತನ್ನ ಪಾದ ನೋಡಿಕೊಂಡ. ಮುಖ ನೋಡುವುದು ಕಷ್ಟವಾಗಿದ್ದು ಕೋಪ ಉಳಿದಿದ್ದರಿಂದಲ್ಲ. ಕೋಪಕ್ಕೆ ಕಾರಣವೇ ಇಲ್ಲವಾಗಿ ಹೋದದ್ದರಿಂದ. ಕೊನೆಗೆ ನೋಡಿದ. ರಂಗಯ್ಯನ ಮೀಸೆ ಈ ನಡುವೆ ಪೂರ್ತಿ ಬೆಳ್ಳಗಾಗಿತ್ತು. ಅದು ಯಾವಾಗ ಆಯಿತೋ ಅವನಿಗೆ ಗೊತ್ತಿರಲಿಲ್ಲ.

"ಪೈಪ್ ಬಿಡ್ಲೇನೋ ರಂಗ?"

"ಬಿಡೋ. ಅಲ್ಲೊಂದು ಕರಿಬೇವು ಐತೆ, ಅದಕ್ಕೆ ತಾಗ್ದಂಗೆ ಮೇಲಕ್ಕೆ ಬಿಡು." ಚೀಲಕ್ಕೆ ಇನ್ನೊಂದು ಗಂಟು ಹಾಕಿ, "ಅಲ್ಲ ಕಣೋ, ಕೇಳಬಾರ್ದಿತ್ತಾ? ಒಂದ್ ಮಾತು?" ಅಂದ.

ನಂಜುಂಡಪ್ಪ ಬಂದು ಚೀಲದ ಇನ್ನೊಂದು ತುದಿ ಹಿಡಿದ. "ಕಾಫಿ ಇಡೇ" ಅಂದ ಹೆಂಡತಿಗೆ.

ಮುಂದಿನ ಸಲ ಅಟ್ಟದ ಕಾಯಿ ಎಲ್ಲ ಕಡೆಯೂ ಚೆನ್ನಾಗಿ ಒಣಗಿತು. ಅಂತರಘಟ್ಟಮ್ಮನಿಗೆ ಮಡಿಲಕ್ಕಿ ಕಟ್ಟಿಬಂದ ನಂಜುಂಡಪ್ಪ, ಕಾರಣ ತೋರಿಸಿಕೊಟ್ಟವಳು ತಾಯಿಯೇ ಎಂದು ಊರಲ್ಲಿ ಹೇಳಿದ. ಏಣಿ ಹತ್ತಿದ ಸುಲೋಚನಮ್ಮ ಅದನ್ನು ಕೇಳಿಸಿಕೊಂಡಳು. ಮುಂದಿನ ಯುಗಾದಿಗೆ ತನಗೆ ಒಂದು ಮಡಿಸುವ ಏಣಿ ಬೇಕೆಂದು ಮಾತ್ರ ಗಂಡನಿಗೆ ಹೇಳಿದಳು, ತರಿಸಿಕೊಂಡಳು ಕೂಡ.

ಕೊಬ್ಬರಿ ದರ ವಿಚಾರಿಸಲು ಗೆಳೆಯರಿಬ್ಬರೂ ಅರಸೀಕೆರೆಗೆ ರೈಲಿನಲ್ಲಿ ಹೊರಟರು. ಎದುರಿಗೆ ಕೂತಿದ್ದ ತರೀಕೆರೆಯ ಕಡೆಯ ಒಬ್ಬರು ಹೊಸ ಮನೆ ಕಟ್ಟಿಸುತ್ತಿರುವ ಸುದ್ದಿ ಎತ್ತಿದ್ದೇ ತಡ, ನಂಜುಂಡಪ್ಪ ಮುಂದಕ್ಕೆ ಬಾಗಿದ.

"ಬಚ್ಚಲಿಗೆ ಫ್ಯಾನ್ ಇಡ್ತೀರಾ? ಇಡಿ. ಆದ್ರೆ ಪೈಪ್ ಕೊಟ್ಟು ಹೊರಕ್ಕೇ ಬಿಡ್ಬೇಕು ಕಣ್ರೀ. ವರ್ಷಕ್ಕೊಂದ್ಸಲ ಬಿಚ್ಚಿ ತೊಳೀಬೇಕು. ಕೆಲವ್ರು ಹಂಗೇ ಅಟ್ಟಕ್ಕೆ ಬಿಡ್ತಾರೆ. ಬುದ್ಧಿ ಇಲ್ದೋರು!"

"ಅಂಥೋರೂ ಇರ್ತಾರಾ?" ಅಂದರು ಅವರು.

"ಬೇಕಾದಷ್ಟು. ನಾವು ಕಣ್ಣಾರೆ ನೋಡಿದೀವಿ" ಎಂದು ನಂಜುಂಡಪ್ಪ ರಂಗಯ್ಯನ ಕಡೆ ತಿರುಗಿದ. "ಅಲ್ವೇನೋ?"

ರಂಗಯ್ಯ ಕಡಲೆಕಾಯಿಯ ಸಿಪ್ಪೆಯನ್ನು ಕಿಟಕಿಯಾಚೆ ಎಸೆದ.

"ಹೂಂ" ಅಂದ. "ಹತ್ತಿರದಿಂದ್ಲೇ ನೋಡಿದೀವಿ."