ಪರೀಕ್ಷೆಗೆ ಮುಂಚಿನ ಮೂರು ದಿನ

ಡೈರಿಗೆ ಹಾಲು ಹಾಕಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿರಬೇಕು. ಒಂದು ದಿನವೂ ಕ್ಯಾನಿಗೆ ನೀರು ತಾಗಿಸಿದವಳಲ್ಲ. ಉಳಿದ ದಿನವೆಲ್ಲ ನೀರು ಹಾಲು ತಂದು, ತಪಾಸಣೆಗೆ ಅಧಿಕಾರಿಗಳು ಬರುವ ದಿನ ಮಾತ್ರ ಗಟ್ಟಿ ಹಾಲು ಹಿಡಿದು ನಿಲ್ಲುವವರು ನಮ್ಮೂರಿನಲ್ಲಿ ಇದ್ದರು. ಅಂಥವರನ್ನು ಕ್ಯೂನಲ್ಲಿ ನಿಂತೇ ಜಾಡಿಸಿದ್ದೇನೆ. ನನ್ನ ಬಾಯಿಗೆ ಹೆದರಿ ಕೆಲವರು ಮುಂದೆ ಬಿಡುತ್ತಿದ್ದರು ಕೂಡ.

ಅಂಥ ನಾನು ಸಕ್ಕರೆ ಕಾಯಿಲೆ ಬಂದ ಮೇಲೆ ಮಾಡಿದ್ದು ಅದೇ ಕೆಲಸ.

ಎರಡು ತಿಂಗಳಿಗೊಮ್ಮೆ ಬೂದಿಕೋಟೆಯಲ್ಲಿ ಬಸ್ಸು ಹತ್ತಿ ಬಂಗಾರಪೇಟೆಗೆ ಹೋಗಿ ರಕ್ತ ಕೊಡಬೇಕಿತ್ತು. ಇನ್ನು ಮೂರು ದಿನ ಇದೆ ಎನ್ನುವಾಗ ಅನ್ನ ಬಂದ್, ಮುದ್ದೆ ಅರ್ಧ, ಬೆಳಿಗ್ಗೆ ಮೆಂತ್ಯದ ನೀರು. ಸಕ್ಕರೆ ಎಷ್ಟೆಂದು ಬರೆದ ಚೀಟಿ ಚೆನ್ನಾಗಿ ಬರುತ್ತಿತ್ತು. ಅದನ್ನು ಸೆರಗಿಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರ ಪಾನಿಪುರಿ ತಿಂದು, ಮೇಲೊಂದು ಬಾದಾಮಿ ಹಾಲು ಕುಡಿದು ಊರಿಗೆ ಬರುತ್ತಿದ್ದೆ. ಉಳಿದ ದಿನ, ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೆಯದಲ್ಲವೇ ಎಂದು ಎರಡೆರಡು ಮುದ್ದೆ. ಮಾತ್ರೆ ನೆನಪಾದರೆ ಉಂಟು.

ಇದು ಬರೀ ನಾಲಿಗೆ ಚಪಲವಲ್ಲ, ಭಯ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿದ್ದ ನನ್ನ ಚಿಕ್ಕಪ್ಪನಿಗೆ ಇದೇ ಕಾಯಿಲೆಯಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆದಿದ್ದರು. ಗಣಿಯೊಳಗೆ ಇಳಿದು ಹತ್ತಿ ಬದುಕಿದ ಮನುಷ್ಯ ಕೊನೆಗೆ ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಹೆಗಲು ಕೇಳಬೇಕಾಯಿತು. ಅದನ್ನು ಕಂಡಿದ್ದ ನನಗೆ ಚೀಟಿಯಲ್ಲಿ ಕಡಿಮೆ ಬಂದರೆ ನನ್ನ ಕಾಲು ಉಳಿಯಿತು ಎಂದು ಸಮಾಧಾನ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಮೇವು ತಂದ ಸೊಸೆ ಕಿರುಚಿಕೊಂಡಳು.

"ಅತ್ತೆ, ಕಾಲು! ಅಸ ನಿಮ್ ಕಾಲ್ ಮ್ಯಾಲೆ ನಿಂತೈತೆ!"

"ಯಾಕೇ ಅಂಗೆ ಕೂಗ್ತೀಯ, ಅಸ ಬೆದರ್ತದೆ" ಎಂದು ಬೈದು ಕೆಳಗೆ ನೋಡಿದೆ. ನಿಂತಿತ್ತು. ಸೀಮೆಹಸು, ಅದರ ಹಿಂಗಾಲಿನ ಭಾರವೆಲ್ಲ ನನ್ನ ಎಡಗಾಲಿನ ಬೆರಳುಗಳ ಮೇಲೆ. ಕಿರುಬೆರಳಿನ ಪಕ್ಕ ಚರ್ಮ ಸೀಳಿ ರಕ್ತ ಸಗಣಿಯಲ್ಲಿ ಕಲೆತಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ. ಹಸುವನ್ನು ಅವಳೇ ಸರಿಸಿದಳು. ಉಳಿದ ಹಾಲನ್ನೂ ಅವಳೇ ಕರೆದಳು.

ಡಾಕ್ಟರ ಹತ್ತಿರ ಈಗಲೇ ಹೊರಡಿ ಎಂದಳು.

"ಮೂರು ದಿನ ಬಿಟ್ಟು ಓಗಾನ ಕಣೇ" ಎಂದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಬಟ್ಟೆ ಸುತ್ತಿದ ಕಾಲು ಇಟ್ಟುಕೊಂಡೂ ಹಾಗೆ ಅಂದೆ. ಅವಳು ಕೇಳಲಿಲ್ಲ, ಬಂಗಾರಪೇಟೆಗೆ ಕರೆದುಕೊಂಡೇ ಹೋದಳು.

ಡಾಕ್ಟರು ಗಾಯ ತೊಳೆದು ಕಟ್ಟಿ ರಕ್ತ ತೆಗೆಸಿದರು. ಈ ಸಲದ್ದು ಬೇರೆ ಪರೀಕ್ಷೆ. "ಮೂರು ತಿಂಗಳಿಂದ ಒಳಗೆ ಸಕ್ಕರೆ ಹೇಗಿತ್ತು ಅಂತ ಇದು ಹೇಳುತ್ತಮ್ಮ. ಮೊನ್ನೆ ಮಾಡಿದ ಉಪವಾಸ ಇಲ್ಲಿ ನಡೆಯಲ್ಲ" ಎಂದರು. ಚೀಟಿಯಲ್ಲಿ ಸಕ್ಕರೆ ಮಿತಿ ಮೀರಿ ಬಂದದ್ದು ನೋಡಿ, ಸೊಸೆ ನನ್ನ ಮುಖ ನೋಡಿದಳು. ಹಾಲಿನ ಕ್ಯೂನಲ್ಲಿ ನಾನು ಜಾಡಿಸಿದವರೆಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತ ಹಾಗಾಯಿತು.

"ನೋವು ಗೊತ್ತಾಗದ ಕಾಲೇ ಅಪಾಯದ ಕಾಲು. ಸ್ಪರ್ಶ ಎಷ್ಟು ಉಳಿದಿದೆ ನೋಡೋಣ" ಎಂದು ಡಾಕ್ಟರು ದಾರದಂಥದ್ದೊಂದು ಸಣ್ಣ ಎಳೆ ತೆಗೆದರು. ಕಣ್ಣು ಮುಚ್ಚಬೇಕು, ಅಂಗಾಲಿಗೆ ತಾಗಿದಾಗಲೆಲ್ಲ ಹೂಂ ಅನ್ನಬೇಕು.

ಕಣ್ಣು ಮುಚ್ಚಿದೆ. ಏನೂ ತಾಗಲಿಲ್ಲ. ಇಲ್ಲದ ಕಾಲಿನ ಕಡೆ ಮಡಚಿದ ಚಿಕ್ಕಪ್ಪನ ಪಂಚೆ ಕಣ್ಣ ಮುಂದೆ ಬಂತು. ಇಷ್ಟು ಹೊತ್ತಿಗೆ ಮುಟ್ಟಿರುತ್ತಾರೆ ಎಂದು ಅಂದಾಜು ಮಾಡಿ "ಊಂ" ಎಂದೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ "ಊಂ" ಎಂದೆ.

"ನಾನಿನ್ನೂ ಮುಟ್ಟೇ ಇಲ್ಲಮ್ಮ" ಎಂದರು ಡಾಕ್ಟರು.

ಕಣ್ಣು ತೆರೆಯಲು ಧೈರ್ಯ ಬರಲಿಲ್ಲ. ಮುಚ್ಚಿದ ಕಣ್ಣಿನಲ್ಲೇ ಅತ್ತುಬಿಟ್ಟೆ. ಅವರು ಕಾದರು, ಆಮೇಲೆ ಮೊದಲಿಂದ ಶುರು ಮಾಡಿದರು. ಈ ಸಲ ಅಂದಾಜಿಗೆ ಊಂ ಅನ್ನಲಿಲ್ಲ. ಹಿಮ್ಮಡಿಯ ಹತ್ತಿರ ಏನೋ ಸೋಕಿದ ಹಾಗಾಯಿತು.

"ಅಲ್ಲಿ ಒಸಿ ಗೊತ್ತಾಗ್ತದೆ ಸಾರ್. ಬೆರಳತ್ರ ಏನೂ ಇಲ್ಲ" ಎಂದೆ.